ಹೆಸರಿನ ನಡುವಿನ ಸ್ಪೇಸ್

ಮಾರ್ಚ್ ೧೪, ಮಂಗಳವಾರ

ಫೋಟೋ ಸ್ಟುಡಿಯೋದ ಕೆಲಸ ಹೋಯಿತು.

ಕಂಪ್ಯೂಟರ್ ಶುರುವಾದ ಕೂಡಲೇ ‘ಫೋಟೋ ಹಳೆಯದು’ ಎಂಬ ಫೋಲ್ಡರ್ ಅಳಿಸಿಹೋಗಲಿ ಎಂದು ನಿನ್ನೆ ನಾನೇ ಯಂತ್ರಕ್ಕೆ ಆದೇಶ ಕೊಡುವ ಒಂದು ಸ್ಕ್ರಿಪ್ಟ್ ಬರೆದಿದ್ದೆ. ಹೆಸರಿನ ನಡುವೆ ಸ್ಪೇಸ್ ಇದ್ದರೆ ಫೋಲ್ಡರಿನ ಪೂರ್ತಿ ವಿಳಾಸವನ್ನು ಕೋಟ್ ಚಿಹ್ನೆಗಳ ಒಳಗಿಡಬೇಕು. ನಾನು ಇಡಲಿಲ್ಲ. ಯಂತ್ರ ಅದನ್ನು ‘ಫೋಟೋ’, ‘ಹಳೆಯದು’ ಎಂಬ ಎರಡು ಹೆಸರೆಂದು ಓದಿ, ಪಕ್ಕದಲ್ಲಿದ್ದ ‘ಫೋಟೋ’ ಫೋಲ್ಡರನ್ನೇ ಗುಡಿಸಿಹಾಕಿತು. ಭಾನುವಾರದ ಮದುವೆ ಅದರಲ್ಲಿತ್ತು. ಕ್ಯಾಮೆರಾದ ಕಾರ್ಡನ್ನು ಆಗಲೇ ಖಾಲಿ ಮಾಡಿದ್ದೆವು.

“ವೈರಸ್ ಇರ್ಬೇಕು ಮಾವ,” ಅಂದ ಮಾಲೀಕರ ಅಕ್ಕನ ಮಗ. ಅವರು ನಂಬಿಯೂ ಬಿಟ್ಟಿದ್ದರು. ನನಗೆ ತಡೆಯಲಾಗಲಿಲ್ಲ.

“ವೈರಸ್ ಅಲ್ಲ ಸಾರ್. ನನ್ನ ತಪ್ಪು.”

“ಒಂಬತ್ತನೇ ಕ್ಲಾಸೂ ಮುಗಿಸದವನ ಕೈಗೆ ಕೊಟ್ಟಿದ್ದು ನನ್ನ ತಪ್ಪು ಕಣೋ. ನಾಳೆಯಿಂದ ಬರ್ಬೇಡ.”

ಬಾಗಿಲ ತನಕ ಬಂದು ಅಕ್ಕನ ಮಗ ಪಿಸುಗುಟ್ಟಿದ: “ಬಾಯಿಗೆ ಬೀಗ ಹಾಕ್ಕೊಂಡಿದ್ರೆ ನಿನ್ ಗಂಟೇನು ಹೋಗ್ತಿತ್ತೋ?”

ಕಂಪ್ಯೂಟರ್ ಮುಂದಿನಿಂದ ಏಳುವ ಮುಂಚೆಯೇ ಆ ಎರಡು ಕೋಟ್ ಚಿಹ್ನೆ ಹಾಕಿ ಬಂದಿದ್ದೆ. ಯಾರೂ ಹೇಳಿರಲಿಲ್ಲ. ಅರೆ ನಿಮಿಷದ ಕೆಲಸ. ನಾಳೆಯಿಂದ ಅದು ಸರಿಯಾಗಿ ಓಡುತ್ತದೆ, ಅಕ್ಕನ ಮಗ ತಾನೇ ಸರಿಮಾಡಿದೆ ಅನ್ನುತ್ತಾನೆ, ಮಾಲೀಕರು ಅದನ್ನೂ ನಂಬುತ್ತಾರೆ.

ಬೆಳಿಗ್ಗೆ ಕೆಲಸಕ್ಕೆ ಹೊತ್ತಾಯಿತೆಂದು ಅಮ್ಮ ಎಬ್ಬಿಸುತ್ತಾಳೆ. ಅವಳಿಗೂ ನಿಜವನ್ನೇ ಹೇಳಿದರೆ, ಅವಳೂ ‘ಸುಮ್ಮನಿರೋಕಾಗ್ಲಿಲ್ವೇನೋ’ ಅನ್ನುತ್ತಾಳೆ.