ಬ್ರಷ್ ಡಬ್ಬಕ್ಕೆ ಕುಂಕುಮ

೫ ಅಕ್ಟೋಬರ್ ೨೦೧೧, ಬುಧವಾರ

ನಲ್ಲಪ್ಪಣ್ಣ ಇವತ್ತು ನನ್ನ ಗಿಟಾರಿಗೆ ಕುಂಕುಮ ಇಡಲಿಲ್ಲ.

ನಮ್ಮ ಪಂಕ್ ಬ್ಯಾಂಡ್ ಅರಚಾಡುತ್ತಿದ್ದುದು ಪೀಣ್ಯದ ಅವರ ಲೇತ್ ಶೆಡ್ಡಿನಲ್ಲೇ. ಪ್ರತಿ ಆಯುಧಪೂಜೆಗೂ ಮೆಷಿನ್ನುಗಳ ಜೊತೆ ಗಿಟಾರಿಗೂ ಪೂಜೆಯಾಗುತ್ತಿತ್ತು. ಬ್ಯಾಂಡ್ ಒಡೆದು ವರ್ಷವಾಯಿತು. ಈಗ ಅದೇ ಶೆಡ್ಡಿನ ಮೂಲೆಯಲ್ಲಿ ಗುಜರಿ ತಗಡಿನ ಮೇಲೆ ಚಿತ್ರ ಬರೆಯುತ್ತೇನೆ. ಯಾರಾದರೂ ಕೇಳಿದರೆ ಇನ್ನೂ ಗಿಟಾರಿಸ್ಟ್ ಎಂದೇ ಹೇಳಿಕೊಳ್ಳುತ್ತೇನೆ.

ಇವತ್ತೂ ಗಿಟಾರ್ ಹೊತ್ತುಕೊಂಡು ಹೋಗಿದ್ದೆ. ಅವರು ಅದರ ಧೂಳು ನೋಡಿ, ಮುಂದೆ ಹೋಗಿ, ನನ್ನ ಬ್ರಷ್ ಡಬ್ಬಕ್ಕೆ ಕುಂಕುಮ ಹಚ್ಚಿ ಹೂವಿಟ್ಟರು.

"ಅಣ್ಣಾ, ಗಿಟಾರು?"

"ದುಡಿಯೋ ಸಾಮಾನಿಗೆ ಕಣಪ್ಪ ಪೂಜೆ."

ಬೇಜಾರಾಗಲಿಲ್ಲ, ಅದೇ ಆಶ್ಚರ್ಯ.

ಪೂಜೆಯಾದದ್ದನ್ನು ನಾಳೆಯವರೆಗೆ ಮುಟ್ಟುವ ಹಾಗಿಲ್ಲ. ಗಿಟಾರ್ ಇಲ್ಲೇ ಮಂಚದ ಪಕ್ಕ ಇದೆ, ಎಷ್ಟು ಬೇಕಾದರೂ ಬಾರಿಸಬಹುದು. ಕೈ ಮಾತ್ರ ಬ್ರಷ್ಷನ್ನೇ ಕೇಳುತ್ತಿದೆ.