ಮೊಬೈಲಿನಿಂದ ತೆಗೆದ ಮಗ್ಗದ ಸಪ್ಪಳ

ಭಾಗ್ಯಾ,

ನೀ ಜಳಕಕ್ಕ ಹೋಗೀದಿ, ನನಗ ಬಸ್ಸಿನ ಹೊತ್ತಾತು. ಗುಡೂರಿಗೆ ಕುಬಸದ ಕಾರ್ಯಕ್ಕ ಹೋಗಿ ಸಂಜೀಕ ಬರ್ತೇನಿ. ರೊಟ್ಟಿ ಬುಟ್ಟ್ಯಾಗ ಅದಾವು.

ಅಜ್ಜಿ ಸೀರಿ ನೇಯುತ್ತ ಹಾಡಿದ ಕ್ಯಾಸೆಟ್ಟನ್ನ ನಿನ್ನೆ ಮೊಬೈಲಿಗೆ ಇಳಿಸಿ, ಮಗ್ಗದ ಸಪ್ಪಳ ತೆಗೆದಿ. ಆಕಿ ದನಿ ಭಾಳ ಸ್ವಚ್ಛ ಆಗೇತಿ, ಖರೆ. ಆದರ ಮುಂಜಾನಿಂದ ಆ ಸಪ್ಪಳ ಆಕಿ ಖೋಲ್ಯಾಗ ಕೇಳಾಕತ್ತಿತ್ತು. ಆಕಿ ತೀರಿಕೊಂಡ ಮ್ಯಾಲೆ ಮಗ್ಗ ಮಾರಿ, ಮಗ್ಗದ ಕುಣಿ ಮುಚ್ಚಿ ಎಷ್ಟೋ ವರ್ಷ ಆತಲ್ಲ.

ಪಡಸಾಲ್ಯಾಗಿನ ಟೇಪಿನಾಗ ಕ್ಯಾಸೆಟ್ ಹಚ್ಚಿದ ಮ್ಯಾಲೆ ನಿಂತಿತು. ಹಂಗ ಹಚ್ಚಿಟ್ಟು ಹೊಂಟೇನಿ. ಇನ್ನ ಯಾಕ ಬೇಕಂತ ಅದನ್ನ ಒಗೀಬ್ಯಾಡ. ಒಂದು ಬದಿ ಮುಗಿದ ಕೂಡಲೆ ತಿರುವಿ ಹಾಕು.

ತಿರುವೂದು ತಡವಾಗಿ ಸಪ್ಪಳ ಶುರುವಾದರ ಅಂಜಬ್ಯಾಡ, ನನ್ನವ್ವಾ. ಆಕಿ ಖೋಲಿ ಬಾಗಿಲ ತೆರೀಬ್ಯಾಡ. ಹೊರಗ ನಿಂತು, “ಅಜ್ಜಿ, ತಿರುವಿ ಹಾಕ್ತೇನಿ” ಅನ್ನು. ಆಕಿ ಲಾಳಿ ಹಿಡಕೊಂಡು ಕಾಯ್ತಾಳ.

ಅವ್ವ