ಕಾಲುವೆಯಲ್ಲಿ ಬಿದ್ದ ಪೆಟ್ಟು

ಕುಮಾಸಿ
ಆಗಸ್ಟ್ ೧೪

ಪ್ರೀತಿಯ ಅಕ್ಕ ಅಚಿಯಾ,

ನಿನ್ನ ಮಂಡಿನೋವು ಹೇಗಿದೆ ಎಂದು ಕೇಳುವ ಮುಖವೂ ನನಗಿಲ್ಲ. ಒಪೊಕುವಿನ ಹೆಣ ನಿಮ್ಮೂರು ಸುನ್ಯಾನಿಗೆ ಹೊರಟಾಗ ನಾನೂ ಜೊತೆಗೆ ಬರಬೇಕಿತ್ತು. ಮಗನನ್ನು ಮಣ್ಣು ಮಾಡುವಾಗ ಒಡಹುಟ್ಟಿದವಳು ಪಕ್ಕದಲ್ಲಿಲ್ಲ ಎಂದು ಅತ್ತಿದ್ದೀಯಂತೆ. ನನ್ನ ಗಂಡನನ್ನು ಆಸ್ಪತ್ರೆಯಲ್ಲಿ ಒಬ್ಬರನ್ನೇ ಬಿಟ್ಟು ಬರಲಾಗಲಿಲ್ಲ. ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ತಡವಾದದ್ದನ್ನು ಮನ್ನಿಸು. ಯಾರು ಯಾರೋ ಏನೇನೋ ಹೇಳಿದ್ದಾರೆ. ನಡೆದದ್ದನ್ನು ನನ್ನಿಂದಲೂ ಕೇಳು.

ಊರಿನ ಕೊಳಚೆ ನೀರನ್ನು ಶುದ್ಧಮಾಡುವ ಕೊಳಗಳ ಕೆಳಗೆ ನಮ್ಮ ಲೆಟಿಸ್ ಸೊಪ್ಪಿನ ಮಡಿಗಳಿವೆ. ಕೊಳದಿಂದ ಹರಿದು ಬರುವ ಕಾಲುವೆಯೇ ನಮಗೂ ನಿನ್ನ ಮಗನಿಗೂ ನೀರು. ನೋಡಲು ತಿಳಿಯಾಗಿಯೇ ಇರುತ್ತದೆ. ಈಸ್ಟರ್ ಕಳೆದ ಮೇಲೆ ವಿಶ್ವವಿದ್ಯಾಲಯದ ಹೆಂಗಸೊಬ್ಬಳು ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋಗಿದ್ದಳು. ತಿರುಗಿ ಬಂದವಳು, "ಆಸ್ಪತ್ರೆ ಕೊಳಚೆ, ಕೋಳಿ ಫಾರಂ ಕೊಳಚೆ ಎಲ್ಲಾ ಈ ಕೊಳಕ್ಕೇ ಬರುತ್ತೆ. ಔಷಧಿ ಉಂಡು ಉಂಡು ಪಳಗಿದ ಕ್ರಿಮಿಗಳು ಅದರಲ್ಲಿವೆ. ಅವು ಸಾಯ್ತಿಲ್ಲ, ಒಂದರ ಬಲ ಇನ್ನೊಂದಕ್ಕೆ ಬರ್ತಿದೆ. ಈ ಸೊಪ್ಪನ್ನ ಜನ ಹಸೀನೇ ತಿಂತಾರಲ್ಲಾ" ಎಂದಳು.

ನಮ್ಮ ಮನೆಯವರು ಅವಳ ಮಾತು ನಂಬಿದರು. ಮರುದಿನವೇ ಇವರು ಕಾಲುವೆಯ ತೂಬಿಗೆ ಕಲ್ಲುಮಣ್ಣು ತುಂಬಿದರು. ಕೆಳಗಿದ್ದ ಒಪೊಕುವಿನ ಮಡಿಗೂ ನೀರು ನಿಂತಿತು. ಎಲೆ ಬಾಡತೊಡಗಿದಾಗ ಅವನು ಗುದ್ದಲಿ ಹಿಡಿದು ಬಂದ.

"ಚಿಕ್ಕಪ್ಪ, ಕಲ್ಲು ತೆಗಿ."

"ತೆಗಿಯಲ್ಲ ಕಣೋ. ಊರಿಗೆ ವಿಷ ತಿನ್ನಿಸ್ತೀಯಾ?"

"ಇಷ್ಟು ವರ್ಷ ನೀನು ತಿನ್ನಿಸಿದ್ದೇನು, ಜೇನುತುಪ್ಪಾನಾ? ವಯಸ್ಸಾದ್ಮೇಲೆ ಪಾದ್ರಿ ಆಗ್ಬಿಟ್ಟೆ."

ಇವರು ಅವನ ಎದೆಗೆ ಕೈಹಾಕಿ ತಳ್ಳಿದರು. ಅವನು ಗುದ್ದಲಿ ಬೀಸಿದ. ಇವರ ಮುಂಗೈ ಸೀಳಿ ಬಿಳಿಯ ಮೂಳೆ ಕಂಡಿತು. ಇವರು ಮಚ್ಚೆತ್ತಿ ಅವನ ತೊಡೆಗೆ ಹೊಡೆದರು. ಇಬ್ಬರೂ ಕಾಲುವೆಗೆ ಉರುಳಿ, ಒಬ್ಬರ ಗಂಟಲನ್ನೊಬ್ಬರು ಹಿಸುಕುತ್ತ ತಲೆಯನ್ನು ನೀರಿಗೆ ಅದುಮಿದರು. ನಾನು ಕಿರುಚುತ್ತ ಇವರ ಅಂಗಿ ಹಿಡಿದೆಳೆದೆ. ಅದು ಹರಿದು ಕೈಗೆ ಬಂತು. ಪಕ್ಕದ ಮಡಿಯವರು ಬಂದು ಬಿಡಿಸುವ ಹೊತ್ತಿಗೆ ನೀರು ಕೆಂಪಾಗಿತ್ತು.

ಅಕ್ಕ, ಒಪೊಕುವಿನ ಗಾಯ ನನ್ನ ಕಿರುಬೆರಳಿನಷ್ಟೂ ಇರಲಿಲ್ಲ. ಸಂಜೆ ಅವನೇ ನಮ್ಮ ಮನೆಗೆ ಬಂದ. ಇಬ್ಬರೂ ತಲೆತಗ್ಗಿಸಿ ಒಂದೇ ಬಟ್ಟಲಿನಲ್ಲಿ ಫುಫು ಮುದ್ದೆ ಉಂಡರು.

"ಚಿಕ್ಕಪ್ಪಂಗೆ ಇನ್ನೂ ರಟ್ಟೇಲಿ ಬಲ ಇದೆ, ಚಿಕ್ಕಮ್ಮ" ಎಂದ.

"ಬಾಯ್ಮುಚ್ಕೊಂಡು ತಿನ್ನೋ ಕತ್ತೆ" ಎಂದು ಇವರು ನಕ್ಕರು.

ಆಮೇಲೆ ಇಬ್ಬರಿಗೂ ಜ್ವರ ಏರಿತು. ಅವನ ತೊಡೆ ಊದಿ ಕಪ್ಪಾಯಿತು. ಸುತ್ತಿದ್ದ ಬಟ್ಟೆ ಬಿಚ್ಚಿದರೆ ಚರ್ಮವೂ ಕಿತ್ತು ಬಂತು. ಆಸ್ಪತ್ರೆಯಲ್ಲಿ ಒಂದಾದ ಮೇಲೊಂದು ಔಷಧಿ ಏರಿಸಿದರು. ಕೊನೆಗೆ ಡಾಕ್ಟರು ನನ್ನನ್ನು ಹೊರಗೆ ಕರೆದು, "ಇಬ್ಬರಲ್ಲೂ ಒಂದೇ ಕ್ರಿಮಿ. ನಮ್ಮ ಹತ್ರ ಇರೋ ಯಾವ ಔಷಧಿಗೂ ಬಗ್ತಿಲ್ಲಮ್ಮ" ಎಂದರು. ಒಪೊಕು ನಿನ್ನನ್ನು ಕರೆಯುತ್ತ, ಮಂಚದ ಕಂಬಿಗೆ ಹಣೆ ಚಚ್ಚಿಕೊಳ್ಳುತ್ತಲೇ ತೀರಿಕೊಂಡ. ಪ್ರಾಣ ಹೋದ ಮೇಲೂ ಅವನ ಬೆರಳು ನನ್ನ ಮಣಿಕಟ್ಟು ಬಿಡಲಿಲ್ಲ. ಇವರ ಕೈಯನ್ನು ಮೊಣಕೈಯ ಮೇಲಕ್ಕೆ ಕತ್ತರಿಸಿದರು, ಜೀವ ಉಳಿಯಿತು.

ಒಪೊಕುವನ್ನು ಕೊಂದದ್ದು ಇವರೇ ಎಂದು ನಮ್ಮ ಕುಲದ ಗಂಡಸರು ಬಂದು ನಮ್ಮ ಮಡಿ ತುಳಿದು ಹೊಲದ ಗುಡಿಸಲಿಗೆ ಬೆಂಕಿಯಿಟ್ಟರು. ನಾನು ತಡೆಯಲಿಲ್ಲ. ಅಕ್ಕಪಕ್ಕದವರು ತೂಬಿನ ಕಲ್ಲು ಕಿತ್ತಿದ್ದಾರೆ. ಆ ನೀರಿನ ಸೊಪ್ಪು ಮತ್ತೆ ಪೇಟೆಗೆ ಹೋಗುತ್ತಿದೆ. ಕೊಳ್ಳಬೇಡಿ ಎಂದು ಪೇಟೆಯಲ್ಲಿ ನಿಂತು ಹೇಳಿದೆ. ಮಾರುವ ಹೆಂಗಸರು ನನ್ನ ಮುಖಕ್ಕೆ ಹೊಡೆದರು, ಒಂದು ಹಲ್ಲು ಹೋಯಿತು. ನಾಳೆಯೂ ಹೋಗುತ್ತೇನೆ.

ದೇವರು ನಿನ್ನ ಎದೆಯ ಉರಿಯನ್ನು ಕೊಂಚ ಆರಿಸಲಿ. ನಿನ್ನ ಹೆಣ್ಣುಮಕ್ಕಳು ಚೆನ್ನಾಗಿ ಬಾಳಲಿ.

ನಿನ್ನ ಬೆನ್ನಿಗೆ ಬಿದ್ದ ತಂಗಿ,
ಕೊನಾಡು

ಮರೆತ ಮಾತಲ್ಲ, ಮೇಲೆ ಬರೆಯಲಾಗದ್ದು: ಒಪೊಕು ಹೋದಾಗ ಇವರಿಗೆ ಜ್ಞಾನವಿರಲಿಲ್ಲ. ಅವನನ್ನು ಬೇರೆ ಆಸ್ಪತ್ರೆಗೆ ಕರೆದೊಯ್ದಿದ್ದಾರೆ ಎಂದಷ್ಟೇ ಇವರಿಗೆ ಹೇಳಿದ್ದೇನೆ. ನಿನ್ನೆ, "ನನ್ನ ಕೈ ಹೋಯ್ತು ಅಂತ ಹೆದರ್ಕೊಂಡಿರ್ಬೇಕು ಹುಡುಗ. ನಾನು ಬೈಯಲ್ಲ ಅಂತ ಹೇಳು, ಒಂದ್ಸಲ ಬಂದುಹೋಗ್ಲಿ" ಎಂದರು. ನಾಡಿದ್ದು ಇವರನ್ನು ಮನೆಗೆ ಕಳಿಸುತ್ತಾರೆ. ಹೇಳಲು ನನಗೆ ಬಾಯಿಲ್ಲ. ಶಪಿಸಲಿಕ್ಕಾದರೂ ಸರಿ, ನೀನು ಬಾ ಅಕ್ಕ.